ಪಕ್ಕದ ಮನೆಯವರ ಗಿಡ

ಮೊದಲು ನನ್ನ ಗಂಟಲಿನ ವಿಷಯ ಹೇಳಿಬಿಡಬೇಕು, ಮುಂದಿನ ರಗಳೆಗೆಲ್ಲ ಅದೇ ಕಾರಣ. ನನ್ನ ಅಬ್ಬಿ, ಅಂದರೆ ಅಮ್ಮ, ಗಂಗೊಳ್ಳಿಯಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಓಣಿಯ ತುದಿಯಲ್ಲಿ ನಿಂತು ಅವಳು ಒಂದು ಕೂಗು ಹಾಕಿದರೆ ಕೊನೆಯ ಮನೆಯ ಬೆಕ್ಕೂ ಎದ್ದು ಕೂರುತ್ತಿತ್ತು. ಆ ಗಂಟಲು ಹಾಗೇ ನನಗೆ ಬಂದಿದೆ. ತವರಿನ ಆಸ್ತಿ ಅಂತ ಬಂದದ್ದು ಅದೊಂದೇ. ನಮ್ಮ ಮನೆಯವರು ಬೋಟಿಗೆ ಹೋಗುವವರು. ಇಂಜಿನ್ನಿನ ಸದ್ದು ಕೇಳಿ ಕೇಳಿ ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸಂಸಾರ ಸುಸೂತ್ರವಾಗಿ ನಡೆದಿದೆ.

ಮದುವೆಯಾದ ಮೇಲೆ ನಾನು ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ದಿನವಿಡೀ ಐಸಿನೊಳಗೆ ಕೈ. ವರ್ಷ ಕಳೆದಂತೆ ಬೆರಳಿನ ಸಂದಿಯೆಲ್ಲ ಒಡೆದು, ಅನ್ನಕ್ಕೆ ಸಾರು ಕಲಸಿದರೆ ಉಪ್ಪು-ಖಾರ ತಾಗಿ ಜೀವ ಹೋಗುತ್ತಿತ್ತು. ಚಮಚದಲ್ಲಿ ಉಣ್ಣಲು ಶುರು ಮಾಡಿದೆ. ನೆರೆಕರೆಯವರು "ಇವ್ಳಿಗೆ ದೊಡ್ಡಸ್ತಿಕೆ ಬಂತ್" ಅಂತ ಆಡಿಕೊಂಡರು. ಆ ಹೊತ್ತಿಗೆ ನಮ್ಮ ಮಹಿಳಾ ಸಂಘದ ಮೀಟಿಂಗಿನಲ್ಲಿ ಒಂದು ಸುದ್ದಿ ಬಂತು: ಪೇಟೆಯ ಪಾರ್ಕಿನ ನರ್ಸರಿಯಲ್ಲಿ ಗಿಡದ ಕೆಲಸ ಕಲಿಯಲು ಒಬ್ಬ ಹೆಂಗಸು ಬೇಕಂತೆ, ಒಂದು ಮಳೆಗಾಲ ಸರಿಯಾಗಿ ಕಲಿತರೆ ಅಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾರಂತೆ. ಮಿಕ್ಕವರು ಮಣ್ಣು ಹೊರುವ ಕೆಲಸ ಅಂತ ಮೂಗು ಮುರಿದರು. ನಾನು ಕೈ ಎತ್ತಿದೆ. ಮಣ್ಣು ಎಷ್ಟು ತಣ್ಣಗಿದ್ದರೂ ಐಸಿನಷ್ಟು ಇರುವುದಿಲ್ಲವಲ್ಲ.

ಯಾವ ಪೇಟೆಯ ಪಾರ್ಕು ಅಂತ ಕೇಳಬೇಡಿ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಮೂರರಲ್ಲಿ ಒಂದು ಅಂತ ಇಟ್ಟುಕೊಳ್ಳಿ. ಹೆಸರು ಹೇಳಿದರೆ ಆ ಊರಿನವರು "ನಮ್ಮನ್ನ ಕಳ್ಳರು ಅಂದ್ಲು" ಎಂದು ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ಮೂರೂ ಊರಿನವರು ಬರುತ್ತಾರೆ, ಆದರೆ ಯಾರು ಮೊದಲು ಬರಬೇಕು ಅಂತ ಅವರಲ್ಲೇ ಒಂದಿಷ್ಟು ಹೊತ್ತು ಚರ್ಚೆಯಾಗುತ್ತದೆ.

ನರ್ಸರಿಯ ಯಜಮಾನರು ಒಬ್ಬ ಮೇಸ್ತ್ರಿ. ಯಡ್ತರೆ ಕಡೆಯವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಿವೃತ್ತಿಗೆ ಇನ್ನೂ ಕೆಲವು ವರ್ಷ ಬಾಕಿ. ಉದ್ದಕ್ಕೆ, ತೆಳ್ಳಗೆ, ಕೋಪ ಮೂಗಿನ ತುದಿಯಲ್ಲೇ. ಗಿಡಗಳ ಹತ್ತಿರ ಪ್ರೀತಿಯಿಂದ ಮಾತಾಡಬೇಕು ಅಂತ ಟಿವಿಯಲ್ಲಿ ಹೇಳುತ್ತಾರಲ್ಲ, ಈ ಮನುಷ್ಯ ಗಿಡಗಳಿಗೆ ಬೈಯುತ್ತಿದ್ದರು. "ಬಪ್ಪುದಿದ್ರೆ ಬಾ, ಇಲ್ದಿದ್ರೆ ಗೊಬ್ಬರದ್ ಗುಂಡಿಗ್ ಹೋಯ್ಕ್" ಎಂದು ಒಂದೊಂದು ಕುಂಡದ ಮುಂದೆಯೂ ನಿಂತು ಗದರಿಸುವುದು. ಗಿಡಗಳೂ ಹೆದರಿ ಚಿಗುರುತ್ತಿದ್ದವು. ಇನ್ನು ಅವರ ಚಾ. ನಾಲ್ಕು ಗಂಟೆಯಾದರೆ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು, ಗೇಟು ತೆರೆದೇ ಇಟ್ಟು, ಎದುರಿನ ಹೋಟೆಲಿಗೆ ನಡೆದುಬಿಡುತ್ತಿದ್ದರು. ಬೀಗವಿಲ್ಲ, ಕಾವಲಿಲ್ಲ. ಎಂಥ ಬೇಜವಾಬ್ದಾರಿ ಮನುಷ್ಯ ಅಂತ ನಾನು ಮೊದಲ ದಿನವೇ ತೀರ್ಮಾನ ಮಾಡಿದೆ.

ಆ ಮೊದಲ ದಿನವೇ ನಾನು ಕಳ್ಳನನ್ನು ಹಿಡಿದೆ. ಮೇಸ್ತ್ರಿ ಚಾಕ್ಕೆ ಹೋಗಿದ್ದರು. ನಾನು ಕುಕ್ಕರಗಾಲಿನಲ್ಲಿ ಕೂತು ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬುತ್ತಿದ್ದೆ. ಬೇಲಿಯ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಹಿರಿಯರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು ಅಂತ ಆಮೇಲೆ ಗೊತ್ತಾಯಿತು, ಆಕಾಶ ನೋಡಿದರು. ರಸ್ತೆ ನೋಡಿದರು. ಒಂದು ಕ್ರೋಟನ್ ಸಸಿಯನ್ನು ತೊಟ್ಟೆ ಸಮೇತ ಎತ್ತಿ ಮಡಚಿದ ಕೊಡೆಯೊಳಗೆ ಇಳಿಸಿದರು. ಅಷ್ಟೇ! ಅಬ್ಬಿಯ ಗಂಟಲು ಎದ್ದಿತು.

"ಹ್ವಾಯ್! ಕೊಡಿಯೊಳ್ಗೆ ಎಂತ? ತೆಗಿನಿ ಹೊರ್ಗೆ!"

ಪಾರ್ಕಿನ ಬೆಂಚಿನಲ್ಲಿ ಮಲಗಿದ್ದವರು ಎದ್ದು ಕೂತರು. ಬಸ್ ಸ್ಟ್ಯಾಂಡಿನ ಕಡೆಯಿಂದ ಯಾರೋ ಓಡಿಬಂದರು. ಪಾಪ, ಹಿರಿಯರ ಕೊಡೆ ತಾನಾಗಿ ಬಿಚ್ಚಿಕೊಂಡು, ಕ್ರೋಟನ್ ಅವರ ಚಪ್ಪಲಿಯ ಮೇಲೆ ಬಿತ್ತು. ಅವರು ಅದನ್ನು ಹಿಂದೆಂದೂ ಕಾಣದವರ ಹಾಗೆ ನೋಡಿ, "ಓಹ್, ಇದು ಹೇಗೆ ಬಂತು?" ಎಂದು ಬೇಗಬೇಗ ನಡೆದರು. ಮೇಸ್ತ್ರಿ ಚಾ ಮುಗಿಸಿ ಬಂದಾಗ ನಾನು ಎದೆಯುಬ್ಬಿಸಿ ಎಲ್ಲ ಹೇಳಿದೆ. ಶಾಭಾಸ್ ಅನ್ನುತ್ತಾರೆ ಅಂದುಕೊಂಡರೆ ಅವರು ಒಂದು ನಿಟ್ಟುಸಿರು ಬಿಟ್ಟು, "ಮಣ್ಣ್ ತುಂಬ್ ಹೆಣ್ಣೆ, ಮಣ್ಣ್ ತುಂಬ್" ಅಂದರು. ನನಗೆ ಉರಿದುಹೋಯಿತು.

ಕೆಲಸವನ್ನೇನೋ ಕಲಿತೆ. ಕೆಂಪು ಮಣ್ಣಿಗೆ ಮರಳೆಷ್ಟು, ಹಟ್ಟಿಗೊಬ್ಬರ ಎಷ್ಟು, ಒಣಗಿದ ಎಲೆಯನ್ನು ಕೊಳೆಸುವುದು ಹೇಗೆ, ಗೆಲ್ಲನ್ನು, ಅಂದರೆ ರೆಂಬೆಯನ್ನು, ಗಂಟಿನ ಕೆಳಗೆ ಓರೆಯಾಗಿ ಕತ್ತರಿಸುವುದು ಹೇಗೆ. ಒಂದು ಟ್ರೇ ತುಂಬ ದಾಸವಾಳದ ಗೆಲ್ಲುಗಳನ್ನು ತಲೆಕೆಳಗಾಗಿ ನೆಟ್ಟು, ಮೇಸ್ತ್ರಿಯಿಂದ "ಬೇರೆಲ್ಲ ಆಕಾಶಕ್ಕೆ ಹೋಪುದಾ?" ಅಂತ ಬೈಗುಳ ತಿಂದೆ. ನಾನೂ ಸುಮ್ಮನಿರಲಿಲ್ಲ. ಎಲೆ ಇಲ್ಲದ ಕೋಲಿಗೆ ತಲೆ ಯಾವುದು ಕಾಲು ಯಾವುದು, ಮೀನಾದರೆ ಕಣ್ಣಾದರೂ ಇರುತ್ತದೆ ಅಂದೆ. ಆದರೆ ಒಂದು ಮಾತು ನಿಜ: ನೆಟ್ಟ ಕೋಲಿನ ತುದಿಯಲ್ಲಿ ಹಸಿರು ಮೂಗು ಕಂಡ ದಿನ ನಾನು ಮಧ್ಯಾಹ್ನದ ಊಟ ಮರೆತು ಅದರ ಮುಂದೆ ಕೂತಿದ್ದೆ. ಕೈಯ ಒಡಕೂ ಮಾಯುತ್ತ ಬಂತು. ಚಮಚ ಬಿಟ್ಟು ಕೈಯಲ್ಲೇ ಉಂಡೆ. ಈ ಕೆಲಸ ಬಿಟ್ಟು ಮತ್ತೆ ಐಸಿಗೆ ಹೋಗುವುದಿಲ್ಲ ಅಂತ ಮನಸ್ಸು ಗಟ್ಟಿಯಾಯಿತು.

ಅಷ್ಟರಲ್ಲೇ ಪಾರ್ಕು ನೋಡಿಕೊಳ್ಳುವ ಪೇಟೆಯ ಆಫೀಸಿಗೆ ಹೊಸ ಮೇಡಂ ಬಂದರು. ಘಟ್ಟದ ಮೇಲಿನವರು, ಚುರುಕು, ಹೀಲ್ಸ್ ಚಪ್ಪಲಿ. ನರ್ಸರಿಗೆ ಬಂದವರೇ ಸಾಲುಸಾಲು ಸಸಿಗಳನ್ನು ನೋಡಿ ಹುಬ್ಬು ಗಂಟು ಹಾಕಿದರು.

"ಇಷ್ಟೊಂದು ಗಿಡ ಇಲ್ಲೇ ಕೂತಿದ್ರೆ ಯಾರಿಗೆ ಉಪಯೋಗ ಹೇಳಿ? ಬೆಳೆಸೋದು ಜನರ ಮನೆಗೆ ಹೋಗೋಕೆ ಅಲ್ವಾ? ದೀಪಾವಳಿ ಹೊತ್ತಿಗೆ ಮತ್ತೆ ಬರ್ತೀನಿ. ಇವೆಲ್ಲ ಜನರ ಅಂಗಳ ಸೇರಿದ್ರೆ ಸರಿ. ಇಲ್ಲಾಂದ್ರೆ ಈ ಜಾಗ ಗಾಡಿ ನಿಲ್ಲಿಸೋಕೆ ಬಿಟ್ಟುಕೊಡ್ತೀವಿ. ಪಾರ್ಕಿಂಗ್‌ಗೆ ಎಷ್ಟು ತೊಂದರೆ ಇದೆ ಗೊತ್ತಾ?"

ನರ್ಸರಿ ಹೋದರೆ ಮೇಸ್ತ್ರಿಯನ್ನು ಚರಂಡಿ ಕೆಲಸದ ಉಸ್ತುವಾರಿಗೆ ಹಾಕುತ್ತಾರೆ ಅಂತ ಆಫೀಸಿನ ಜವಾನ ಹೇಳಿಹೋದ. ನನ್ನನ್ನು ಎಲ್ಲಿಗೂ ಹಾಕುವುದಿಲ್ಲ. ನನಗೆ ಶೆಡ್ಡು, ಐಸು, ಚಮಚ.

ಸರಿ, ಮಳೆ ಹಿಡಿದ ಮೇಲೆ ಪುಕ್ಕಟೆ ಗಿಡ ಹಂಚುವ ಕಾರ್ಯಕ್ರಮ ಆಯಿತು. ಮೇಜು, ಬಟ್ಟೆ, ಮೈಕು. ಮೈಕು ಕೆಟ್ಟಿತು, ನನ್ನ ಗಂಟಲು ಕೆಲಸಕ್ಕೆ ಬಂತು. "ಬನ್ನಿ ಬನ್ನಿ, ಪುಕ್ಕಟೆ ಗಿಡ, ತಕಂಡ್ ಹೋಯ್ನಿ, ತಾಜಾ ಇತ್ತ್!" ಎಂದು ಕೂಗಿದೆ. ತಾಜಾ ಅನ್ನುವುದು ಅಭ್ಯಾಸಬಲ. ಜನ ಬಂದರು, ಗಿಡ ಹಿಡಿದರು, ಫೋಟೋ ತೆಗೆಸಿಕೊಂಡರು, ಉಪ್ಪಿಟ್ಟು ತಿಂದರು. ಎಲ್ಲ ಮುಗಿದ ಮೇಲೆ ನೋಡಿದರೆ ಕುರ್ಚಿಗಳ ಅಡಿಯಲ್ಲಿ ಗಿಡ, ಬೆಂಚಿನ ಮೇಲೆ ಗಿಡ, ರಿಕ್ಷಾ ಸ್ಟ್ಯಾಂಡಿನಲ್ಲಿ ಗಿಡ. ಒಂದು ನಂದಿಬಟ್ಟಲು ಹೆಂಗಸರ ಶೌಚಾಲಯದ ಕಿಟಕಿಯಲ್ಲಿ ಕೂತಿತ್ತು. ತನ್ನ ಪಾಲಿನ ಸಸಿಯನ್ನು ಮೆಲ್ಲಗೆ ಮೇಜಿನ ಮೇಲೆ ವಾಪಸ್ ಇಡುತ್ತಿದ್ದ ಒಬ್ಬ ಹೆಂಗಸನ್ನು ನಾನು ತಡೆದೆ.

"ಎಂತಕ್ಕೆ ಅಕ್ಕ, ಬ್ಯಾಡ್ದಾ?"

"ಕೊಟ್ ಗಿಡ ಬತ್ತಿಲ್ಲೆ ಮಾರಾಯ್ತಿ." ಕೊಟ್ಟ ಗಿಡ ಬದುಕಿ ಬರುವುದಿಲ್ಲವಂತೆ.

"ಎಂತಕ್ಕೆ ಬತ್ತಿಲ್ಲೆ? ಬೇರ್ ಇಲ್ಯಾ ಅದ್ಕೆ?"

"ಬೇರ್ ಇತ್ತ್. ಆದ್ರೂ ಬತ್ತಿಲ್ಲೆ" ಅಂದಳು, ನನ್ನ ದಡ್ಡತನಕ್ಕೆ ಮರುಕಪಟ್ಟವಳಂತೆ.

ನಾನೂ ಹಟ ಹಿಡಿದೆ. ಹಂಚಿದ್ದು ಹೋಗದಿದ್ದರೆ ಏನಂತೆ, ಇದ್ದದ್ದನ್ನಾದರೂ ಉಳಿಸೋಣ, ಮೇಡಂ ಬಂದಾಗ ಒಂದೂ ಕಳುವಾಗಿಲ್ಲ ಅಂತ ತೋರಿಸೋಣ ಎಂದು ಬೇಲಿ ಕಾದೆ. ಮೇಸ್ತ್ರಿ ಚಾಕ್ಕೆ ಹೋಗುವ ಹೊತ್ತಿಗೆ ನಾನು ಗೇಟಿನ ಎದುರು ಸ್ಟೂಲು ಹಾಕಿ ಕೂರುತ್ತಿದ್ದೆ. ಒಬ್ಬ ಹೆಂಗಸು ಸೆರಗಿನೊಳಗೆ ಮುಸ್ಸಂಡದ ಸಸಿ ಇಟ್ಟುಕೊಂಡು ಹೊರಟಳು. ಬಸ್ಸು ಹತ್ತುವ ತನಕ ಹಿಂದೆ ಹೋಗಿ ಬಿಡಿಸಿಕೊಂಡು ಬಂದೆ. ಕೊಲ್ಲೂರಿಗೆ ಹೊರಟ ಯಾತ್ರಿಕರ ಜೀಪಿನಿಂದ ಒಂದು ಗುಲಾಬಿ ಇಳಿಸಿದೆ. ಬಿಳಿ ಅಂಗಿಯ ಬ್ಯಾಂಕಿನವರಂತೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು. ಹೀಗೆ ಸಸಿ ಇಡುವ ಹಲಗೆ ತುಂಬಿ, ನೆಲ ತುಂಬಿ, ನಡೆಯಲು ದಾರಿ ಇಲ್ಲದ ಹಾಗಾಯಿತು.

ಒಂದು ಸಂಜೆ ಮೇಸ್ತ್ರಿ ಚಾ ಕುಡಿದು ಬಂದು, ನನ್ನ ಸ್ಟೂಲನ್ನು ಕಾಲಿನಿಂದ ಒದ್ದರು.

"ನೀನ್ ಬಂದ್ಮೇಲೆ ಒಂದ್ ಗಿಡ ಹೊರ್ಗ್ ಹೋಯ್ಲಿಲ್ಲೆ, ಗೊತ್ತಿತ್ತಾ?"

"ಅದನ್ನೇ ಅಲ್ದಾ ನಾನ್ ಮಾಡುದ್ ಮೇಸ್ತ್ರಿ? ಕಳ್ರನ್ನ್ ಓಡ್ಸುದ್?"

"ಕಳ್ರಲ್ಲ ಮಾರಾಯ್ತಿ ಅವ್ರ್! ಗಿರಾಕಿಗಳ್!"

ಆಮೇಲೆ ಅವರು ಕೂತು, ಬೆವರು ಒರೆಸಿಕೊಂಡು, ತಮ್ಮ ಕಸುಬಿನ ಗುಟ್ಟನ್ನು ಹೇಳಿದರು. "ಕೊಟ್ಟದ್ದನ್ನ ಜನ ಜಗ್ಲಿ ಮೇಲ್ ಇಟ್ಟ್ ಒಣ್ಗ್ಸ್ತ್ರ್. ಕದ್ದದ್ದನ್ನ ಆ ದಿನ್ವೇ ನೆಡ್ತ್ರ್. ಎರಡ್ ಹೊತ್ತ್ ನೀರ್ ಹಾಕ್ತ್ರ್. ಕದ್ದದ್ ಸತ್ತ್ ಹೋದ್ರೆ ಕದ್ದ್ ಪಾಪ ದಂಡ ಅಲ್ದಾ? ನಾ ಎಂತಕ್ಕೆ ನಾಲ್ಕ್ ಗಂಟಿಗೆ ಚಾಕ್ಕೆ ಹೋಪುದ್ ಅಂದ್ಕಂಡಿದ್ದೆ? ಆ ಹೋಟ್ಲ್ ಚಾ ಕುಡುಕೆ ಆತ್ತಾ? ಬಿಸ್ನೀರ್!"

ಬೇರು ಬಿಟ್ಟ, ಗಟ್ಟಿಮುಟ್ಟಾದ ಸಸಿಗಳನ್ನೆಲ್ಲ ಅವರು ಬೇಲಿಯ ಪಕ್ಕದಲ್ಲಿ, ಕೈಗೆ ಎಟಕುವ ಎತ್ತರದಲ್ಲಿ ಜೋಡಿಸಿಡುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಬಡಕಲು ಸಸಿಗಳು ಹಿಂದೆ. ನಾನು ಬಂದ ದಿನದಿಂದ ಅದನ್ನು ಬದಲಿಸಿ, ಒಳ್ಳೆಯದನ್ನೆಲ್ಲ ಒಳಗಿಟ್ಟು, "ಎಷ್ಟ್ ಸಲ ಹೇಳುದ್ ಇವ್ರಿಗೆ" ಅಂತ ಗೊಣಗುತ್ತಿದ್ದೆ.

ನನಗೆ ಇದು ಹೊಳೆಯಬೇಕಿತ್ತು, ಹಾಳಾದ್ದು! ನಮ್ಮ ಮನೆಯಲ್ಲೇ ಪಾಠ ಇತ್ತು. ತವರಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಅಬ್ಬಲಿಗೆ ಗಿಡ ಇದೆ. ಘಟ್ಟದ ಮೇಲಿನವರು ಕನಕಾಂಬರ ಅನ್ನುತ್ತಾರಲ್ಲ, ಅದೇ. ಅಬ್ಬಿ ಅದನ್ನು ಮೀನು ಮಾರಲು ಹೋದಾಗ ಒಬ್ಬ ಡಾಕ್ಟರ ಕಾಂಪೌಂಡಿನಿಂದ ಚಿವುಟಿ, ಮೀನಿನ ಬುಟ್ಟಿಯಲ್ಲಿ ಬಂಗಡೆಗಳ ನಡುವೆ ಅಡಗಿಸಿ ತಂದದ್ದು. ಡಾಕ್ಟರ ಹೆಂಡತಿ ಕರೆದು ಕೊಟ್ಟಿದ್ದ ಗುಲಾಬಿ ತಿಂಗಳೊಳಗೆ ಸತ್ತಿತು. ಕದ್ದ ಅಬ್ಬಲಿಗೆ ಮೀನು ತೊಳೆದ ನೀರು ಕುಡಿದು ಪೊದೆಯಾಗಿ, ನಮ್ಮ ಮೂರು ತಲೆಮಾರಿನ ಜಡೆಗೆ ಹೂ ಕೊಟ್ಟಿದೆ. ಆ ಕಳ್ಳತನದ ಕಥೆಯನ್ನು ಅಬ್ಬಿ ಪ್ರತಿ ಹಬ್ಬಕ್ಕೂ ಹೇಳುತ್ತಾಳೆ, ನಾವೂ ಹೆಮ್ಮೆಯಿಂದ ಕೇಳುತ್ತೇವೆ.

ಆ ಭಾನುವಾರವೇ ತವರಿಗೆ ಹೋಗಿ, ನರ್ಸರಿಗೆ ಒಂದು ಗೆಲ್ಲು ಕೊಡು ಅಂದೆ. ಅಬ್ಬಿ ಬಿಲ್‌ಕುಲ್ ಒಪ್ಪಲಿಲ್ಲ.

"ಕೊಟ್ರೆ ಬತ್ತಿಲ್ಲೆ. ನಾನ್ ಒಳ್ಗೆ ಹೋತೆ. ನೀನ್ ಅಲ್ಲ್ ಎಂತ ಮಾಡ್ತೆ ಅಂದ್ಹೇಳಿ ನಂಗೊತ್ತಿಲ್ಲೆ" ಎಂದು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋದಳು. ಹುಟ್ಟಿದ ಮನೆಯ ಅಂಗಳದಲ್ಲಿ, ಹೆತ್ತ ತಾಯಿಯ ಗಿಡವನ್ನು ನಾನು ಅತ್ತ ಇತ್ತ ನೋಡಿ ಕದಿಯಬೇಕಾಯಿತು. ಗೆಲ್ಲು ಬ್ಲೌಸಿನ ಕೈಯೊಳಗೆ ಸೇರಿಸಿ ಹೊರಟಾಗ ಅಬ್ಬಿ ಒಳಗಿನಿಂದ, "ಗಂಟಿನ್ ಕೆಳ್ಗ್ ಕತ್ರ್ಸಿದ್ಯಲೆ?" ಅಂತ ಕೇಳಿದಳು. ಆ ಗೆಲ್ಲು ಬೇರು ಬಿಟ್ಟಿತು. ಕೋಲು ನೆಟ್ಟು ಶುರುವಿನಿಂದ ಕೊನೆಯ ತನಕ ನಾನೊಬ್ಬಳೇ ಬೆಳೆಸಿದ ಮೊದಲ ಗಿಡ ಅದು. ಅದನ್ನು ಗೇಟಿನ ಹತ್ತಿರದ ಕಟ್ಟೆಯ ಮೇಲಿಟ್ಟೆ. ಕದಿಯುವವರಿಗೆ ಅಲ್ಲ, ನನಗೆ ನೋಡಲು.

ಇನ್ನು ಬೆನ್ನು ತಿರುಗಿಸುವ ಕೆಲಸ ಕಲಿಯಬೇಕಿತ್ತು. ಮಣ್ಣಿನ ಕೆಲಸಕ್ಕಿಂತ ಇದು ಕಷ್ಟ. ಮೇಸ್ತ್ರಿ ಕಲಿಸಿದರು: ಯಾರಾದರೂ ಬೇಲಿಯ ಹತ್ತಿರ ನಿಂತು ಆಕಾಶ ನೋಡಿದರೆ ಕೂಡಲೇ ನಲ್ಲಿಯ ಹತ್ತಿರ ಹೋಗಬೇಕು. ಓಡಬಾರದು. ಕೆಮ್ಮಬಾರದು, ಕೆಮ್ಮಿದರೆ ನೋಡಿದ್ದಾರೆ ಅಂತ ತಿಳಿಯುತ್ತಾರೆ. ನಗುವುದಂತೂ ಪೂರಾ ನಿಷೇಧ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಲ್ಲುತ್ತಿದ್ದೆ. ಒಬ್ಬ ಮಹಾಶಯ ದಾಸವಾಳದ ಗೆಲ್ಲನ್ನು ಸಿಪ್ಪೆ ಸಮೇತ ಹರಿಯುತ್ತಿದ್ದುದನ್ನು ನೋಡಲಾರದೆ, "ಹಾಂಗಲ್ಲ, ಗಂಟಿನ್ ಕೆಳ್ಗ್ ಮುರಿನಿ!" ಅಂತ ಕೂಗಿಬಿಟ್ಟೆ. ಅವನು ಒಂದು ಚಪ್ಪಲಿ ಬಿಟ್ಟು ಓಡಿದ. ಮೇಸ್ತ್ರಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಬ್ಯಾಂಕಿನವರನ್ನು ವಾಪಸ್ ಕರೆತರುವುದು ನನ್ನದೇ ಜವಾಬ್ದಾರಿ ಅಂದರು ಮೇಸ್ತ್ರಿ. ಅವರು ಕದ್ದರೆ ಅವರ ಇಡೀ ಬೀದಿ ಕದಿಯುತ್ತದಂತೆ, ಅಷ್ಟು ಮರ್ಯಾದಸ್ಥರು. ದಿನಾ ಅವರು ಬರುವ ಹೊತ್ತಿಗೆ ನಾನು ರಸ್ತೆಗೆ ಬೆನ್ನು ಹಾಕಿ, ಹೋಸ್ ಪೈಪ್ ಹಿಡಿದು ನಿಂತೆ. ಮೊದಲು ಆಚೆ ಬದಿಯಲ್ಲೇ ಹೋದರು. ಆಮೇಲೆ ನಿಧಾನ ಮಾಡಿದರು. ಕೊನೆಗೊಂದು ಸಂಜೆ ಈಚೆ ಬದಿಗೆ ದಾಟಿದ ಚಪ್ಪಲಿಯ ಸದ್ದು ಕೇಳಿತು. ನಾನು ಉಸಿರು ಹಿಡಿದು ನಿಂತೆ. ತೊಟ್ಟೆಯ ಸರಪರ. ಕೊಡೆ ಮಡಚಿದ ಸದ್ದು. ತಿರುಗಿ ನೋಡಿದರೆ ಅದೇ ಕ್ರೋಟನ್ ಮಾಯ! ಖುಷಿಗೆ ನಾನು ಮೇಸ್ತ್ರಿಯ ಮೇಲೇ ನೀರು ಹಾರಿಸಿಬಿಟ್ಟೆ.

ಕದ್ದವರು ಅಲ್ಲಿಗೆ ನಿಲ್ಲುವುದಿಲ್ಲ ಅನ್ನುವುದು ಇನ್ನೊಂದು ಪಾಠ. ಬ್ಯಾಂಕಿನವರು ಸ್ವಲ್ಪ ದಿನದ ಮೇಲೆ ರಾಜಾರೋಷವಾಗಿ ಗೇಟಿನಿಂದಲೇ ಬಂದರು.

"ನಮ್ಮ ಪಕ್ಕದ ಮನೆಯವರದ್ದು ಒಂದು ಕ್ರೋಟನ್ ಇದೆ. ಯಾಕೋ ಎಲೆ ಉದುರ್ತಾ ಇದೆಯಂತೆ."

ಮೇಸ್ತ್ರಿ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಜಾಗ ಬದ್ಲಾದ್ದಕ್ಕೆ ಸರ್. ನೀರ್ ಕಮ್ಮಿ ಮಾಡುಕೆ ಹೇಳಿ ಪಕ್ಕದ್ಮನಿಯವ್ರಿಗೆ. ಹೆದ್ರುಕಾಗ, ಹೊಸ ಎಲೆ ಬತ್ತ್ ಅನ್ನಿ."

ಆಮೇಲೆ ನೋಡಿದರೆ ದಿನಾ ಅದೇ. ಪಕ್ಕದ ಮನೆಯವರ ಗುಲಾಬಿಗೆ ಹುಳು, ಪಕ್ಕದ ಮನೆಯವರ ನಂದಿಬಟ್ಟಲು ಹೂ ಬಿಡುವುದಿಲ್ಲ. ಮುಸ್ಸಂಡದ ಹೆಂಗಸೂ ಬಂದಳು, ನನ್ನ ಮುಖ ನೋಡದೆ ತನ್ನ ಪಕ್ಕದ ಮನೆಯವರ ಕಷ್ಟ ಹೇಳಿಕೊಂಡಳು. ಮೇಸ್ತ್ರಿ ಎಲ್ಲರಿಗೂ ಉತ್ತರ ಹೇಳುತ್ತಿದ್ದರು, ನನಗೆ ಮಾತ್ರ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. "ಪಕ್ಕದ್ಮನಿಯವ್ರಿಗೆ ಹೇಳುದ್ ಕಲಿಯುಕೆ ಇನ್ನೂ ಸಮಯ ಇತ್ತ್ ನಿಂಗೆ" ಅನ್ನುತ್ತಿದ್ದರು. ದೀಪಾವಳಿಯ ಹೊತ್ತಿಗೆ ಹಲಗೆ ಖಾಲಿ, ನೆಲ ಖಾಲಿ. ಪೇಟೆಯ ಓಣಿಗಳಲ್ಲಿ ನಡೆದರೆ ಕಾಂಪೌಂಡಿನ ಮೇಲಿನಿಂದ ನಮ್ಮ ಗಿಡಗಳು ಇಣುಕುತ್ತಿದ್ದವು. ಮೇಡಂ ಬರಲಿ, ಬಂದು ನೋಡಲಿ ಅಂತ ನಾನು ಕಾದೆ.

ಮೇಡಂ ಬಂದರು. ಖಾಲಿ ಹಲಗೆ ನೋಡಿ ಅವರ ಹುಬ್ಬು ಮೊದಲಿಗಿಂತ ಜಾಸ್ತಿ ಗಂಟಾಯಿತು.

"ಗಿಡ ಎಲ್ಲಿ?"

"ಜನ ತಕಂಡ್ ಹೋದ್ರ್ ಮೇಡಂ" ಅಂದರು ಮೇಸ್ತ್ರಿ.

"ಯಾರಿಗೆ ಕೊಟ್ರಿ? ಯಾವಾಗ ಕೊಟ್ರಿ?"

ಮೇಸ್ತ್ರಿ ನೆಲ ನೋಡಿದರು. ಕೊಟ್ಟೆವು ಅಂದರೆ ಸುಳ್ಳು. ಕದ್ದರು ಅಂದರೆ ಊರಿಗೆ ಊರೇ ಕಳ್ಳರು, ನಾವು ಕಾಯದವರು. ಮೇಡಂಗೆ ಅಷ್ಟು ಸಾಕಾಯಿತು.

"ಅಂದ್ರೆ ಕಳ್ಳತನ ಆಗಿದೆ. ಎಲ್ಲಾ! ನೀವಿಬ್ಬರು ಇಲ್ಲೇ ಇದ್ದು! ಮೊದಲು ಗಿಡ ಹೋಗ್ತಿರ್ಲಿಲ್ಲ, ಈಗ ಕಾಯೋಕೂ ಆಗ್ತಿಲ್ಲ. ಇನ್ನು ಇದನ್ನ ಇಟ್ಕೊಂಡು ಏನು ಮಾಡೋದು? ನಾಳೆನೇ ಬರೆದು ಕಳಿಸ್ತೀನಿ, ಮುಚ್ಚಿಬಿಡೋಣ."

ನನಗೆ ಸಿಟ್ಟು ನೆತ್ತಿಗೇರಿತು. ಬನ್ನಿ ಮೇಡಂ, ಓಣಿ ಓಣಿ ಸುತ್ತಿಸುತ್ತೇನೆ, ಒಂದೊಂದು ಗಿಡವನ್ನೂ ತೋರಿಸುತ್ತೇನೆ ಅಂತ ಬಾಯಿ ತೆರೆದೆ. ಮೇಸ್ತ್ರಿ ನನ್ನ ಕಾಲು ತುಳಿದರು. ಅಷ್ಟರಲ್ಲಿ ಮೇಡಂಗೆ ಫೋನ್ ಬಂತು. ಮಾತಾಡುತ್ತ ಗೇಟಿನ ಕಡೆ ನಡೆದರು. ಅಲ್ಲಿ ಕಟ್ಟೆಯ ಮೇಲೆ ನನ್ನ ಅಬ್ಬಲಿಗೆ, ಮೊದಲ ಹೂವಿನ ಕದಿರು ಬಿಟ್ಟು ಕೂತಿತ್ತು. ಮೇಡಂ ನಿಂತರು. ಫೋನ್ ಮುಗಿಯಿತು. ಆದರೂ ನಿಂತೇ ಇದ್ದರು.

ಆಮೇಲೆ ಮೇಡಂ ಆಕಾಶ ನೋಡಿದರು.

"ಹೆಣ್ಣೆ, ನಲ್ಲಿ ಕಾಣ್" ಅಂದರು ಮೇಸ್ತ್ರಿ, ತುಟಿ ಅಲುಗಿಸದೆ.

"ಮೇಸ್ತ್ರೀ, ಅದ್ ನಂದ್..."

"ನಲ್ಲಿ ಕಾಣ್!"

ತಿರುಗಿದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ನಾನು ಯಾವ ಕೆಲಸವನ್ನೂ ಮಾಡಿಲ್ಲ. ನಮ್ಮ ಹೊಟ್ಟೆಯ ಮೇಲೆ ಹೊಡೆಯಲು ಬಂದವರು, ಅಬ್ಬಿಯ ಅಂಗಳದಿಂದ ನಾನು ಕದ್ದು ತಂದು ಬೆಳೆಸಿದ್ದನ್ನು ಎತ್ತಿಕೊಳ್ಳುತ್ತಿದ್ದಾರೆ, ನಾನು ಪೈಪ್ ಹಿಡಿದು ಖಾಲಿ ಕುಂಡಕ್ಕೆ ನೀರು ಬಿಡುತ್ತಿದ್ದೇನೆ! ಕುಂಡ ತುಂಬಿ, ನೀರು ನನ್ನ ಕಾಲ ಮೇಲೆ ಹರಿಯಿತು. ಸೆರಗು ಕಚ್ಚಿ ಕಚ್ಚಿ ಹರಿದೇಹೋಯಿತು. ಹಿಂದೆ ತೊಟ್ಟೆ ಸರಪರ ಅಂದಿತು, ಕೈಚೀಲದ ಜಿಪ್ಪು ಎಳೆದ ಸದ್ದಾಯಿತು, ಹೀಲ್ಸ್ ಟಕಟಕ ಅಂತ ಬೇಗ ಬೇಗ ಹೋಯಿತು. ಕಾರು ಹೊರಟ ಮೇಲೆ ನಾನು ಕಟ್ಟೆಯ ಮೇಲೆ ಉಳಿದ ತೇವದ ಗುರುತು ನೋಡಿ ಅತ್ತುಬಿಟ್ಟೆ. ಮೇಸ್ತ್ರಿ ಮಾತ್ರ ಕಟ್ಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಕೂಗಿ ಅಳ್ಬೇಡ ಮಾರಾಯ್ತಿ. ಬತ್ತ್ರ್, ಕಾಣ್ತಾ ಇರ್."

ಮರುದಿನ ಆಫೀಸಿನಿಂದ ಏನೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪ್ರತಿ ಬಾರಿ ಗೇಟಿನ ಮುಂದೆ ವಾಹನ ನಿಂತಾಗ ನಾನು ಪೈಪ್ ಬಿಟ್ಟು ಓಡಿ ಇಣುಕುತ್ತಿದ್ದೆ. ಶೆಡ್ಡಿನ ಯಜಮಾನಿಗೆ ಫೋನ್ ಮಾಡಿ, ಜಾಗ ಇದೆಯಾ ಅಂತಲೂ ಕೇಳಿಟ್ಟೆ. ಇದೆ, ಕೈಗವಸು ಮಾತ್ರ ಈಗಲೂ ಇಲ್ಲ ಅಂದಳು.

ಚಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಆ ಕಾರು ಬಂತು. ಮೇಡಂ ಇಳಿದರು. ಮುರಿದ ಬೆಂಚಿನ ಬಗ್ಗೆ ಕೇಳಿದರು. ನಲ್ಲಿ ಸೋರುತ್ತದಾ ಅಂದರು. ಬೇಲಿಗೆ ಬಣ್ಣ ಹಚ್ಚಬೇಕು ಅಂದರು. ಹೊರಟರು. ಗೇಟಿನ ತನಕ ಹೋಗಿ ತಿರುಗಿ ಬಂದರು.

"ಅಂದ ಹಾಗೆ, ನಮ್ಮ ಕ್ವಾರ್ಟರ್ಸಿನ ಪಕ್ಕದ ಮನೆಯವರದ್ದು ಒಂದು ಕನಕಾಂಬರ ಇದೆ. ಎಲೆ ಯಾಕೋ ಹಳದಿ ಆಗ್ತಾ ಇದೆ. ಪಾಪ, ತುಂಬಾ ಬೇಜಾರು ಮಾಡ್ಕೊಂಡಿದ್ದಾರೆ."

ಮೇಸ್ತ್ರಿ ಬಾಯಿ ತೆರೆಯಲು ಹೊರಟವರು ಕೈಯ ಮಣ್ಣು ಕೊಡವಿಕೊಂಡರು. ನನ್ನ ಕಡೆ ನೋಡಿ, "ನೀನೇ ಹೇಳ್" ಅಂದರು.

ನನ್ನ ಗಂಟಲು ಅಷ್ಟು ಮೆಲ್ಲಗೆ ಮಾತಾಡಬಲ್ಲದು ಅಂತ ನನಗೇ ಗೊತ್ತಿರಲಿಲ್ಲ. "ನೀರ್ ಜಾಸ್ತಿ ಹಾಕ್ತಾ ಇದ್ರೋ ಏನೋ ಮೇಡಂ, ನಿಮ್ ಪಕ್ಕದ್ಮನಿಯವ್ರ್. ಪ್ರೀತಿಗೆ ಹಾಕುದ್, ಅದ್ ಗೊತ್ತಾತ್ತ್. ಮಣ್ಣ್ ಒಣ್ಗಿದ್ ಮೇಲೆ ಹಾಕಿರೆ ಸಾಕ್. ಹೂ ಮುಗ್ದ್ ಕದ್ರನ್ನ ಕತ್ರ್ಸುಕೆ ಹೇಳಿ. ಮೀನ್ ತೊಳ್ದ್ ನೀರ್ ಸಿಕ್ರೆ ಒಳ್ಳ್ದ್, ಅದಕ್ಕೆ ಅಭ್ಯಾಸ ಇತ್ತ್."

ಮೇಡಂ ಅವರ ಕೆನ್ನೆ ಸ್ವಲ್ಪ ಕೆಂಪಾಯಿತು.

"ಅದರಿಂದ ಇನ್ನೊಂದು ಗಿಡ ಮಾಡಬಹುದಾ?"

"ಮಳಿ ಶುರುವಾದ್ಮೇಲೆ ಗೆಲ್ಲ್ ನೆಟ್ರೆ ಆತ್ತ್."

"ಹಾಗಾದ್ರೆ ಮಳೆ ಶುರುವಾದಾಗ ಬಂದು ಕೇಳ್ತಾರೆ. ನೀವು ಆಗ ಇಲ್ಲೇ ಇರ್ತೀರಲ್ವಾ?"

ಕೇಳಿದವರು ಯಾರು ನೋಡಿ! ಅಬ್ಬಿಯ ಗಂಟಲು ಎದ್ದು ಬಂದು ಹಲ್ಲಿನ ತನಕ ನಿಂತಿತು. ಅದನ್ನು ನುಂಗಿಕೊಂಡೆ.

"ಅದ್ ನಮ್ಗ್ ಹ್ಯಾಂಗ್ ಗೊತ್ತಾತ್ತ್ ಮೇಡಂ? ನಿಮ್ ಪಕ್ಕದ್ಮನಿಯವ್ರನ್ನೇ ಕೇಳ್ಕ್."

ಮೇಸ್ತ್ರಿ ಸಟ್ಟನೆ ನಲ್ಲಿಯ ಕಡೆ ತಿರುಗಿದರು. ಮೇಡಂ ಗೇಟಿನ ಕಡೆ ನೋಡಿದರು, ಖಾಲಿ ಕಟ್ಟೆಯನ್ನು ನೋಡಿದರು. ಆಮೇಲೆ ಕೈಚೀಲದ ಜಿಪ್ಪು ಸುಮ್ಮನೆ ಒಮ್ಮೆ ಎಳೆದು, ಮತ್ತೆ ಮುಚ್ಚಿ ಹೇಳಿದರು:

"ಕೇಳಿದೆ. ಇಲ್ಲೇ ಇರಲಿ ಅಂತಾರೆ. ನೀವಿಬ್ಬರೂ."